ಮೆಹಕರದ ನೆಲದ ಪಾಠ

ಭೂಗೋಳದ ತರಗತಿಯಲ್ಲಿ ಜ್ವಾಲಾಮುಖಿ ಎಂಬ ಪದವು ಬಂದೊಡನೆ ನಮ್ಮ ವಿದ್ಯಾರ್ಥಿನಿಯರ ಮನಸ್ಸು ಇಟಲಿಯ ವೆಸೂವಿಯಸಿಗೋ ಜಪಾನಿನ ಫ್ಯೂಜಿಗೋ ಹಾರುವುದು. ಹೊಗೆಯುಗುಳುವ ಶಿಖರವಿಲ್ಲದೆ ಭೂಗರ್ಭದ ಅಗ್ನಿಯ ಕಾರ್ಯವೂ ಇಲ್ಲವೆಂದು ಅವರು ಭಾವಿಸುವರು. ಆದರೆ ಬೀದರ, ಭಾಲ್ಕಿ, ಔರಾದಗಳ ಮಕ್ಕಳು ದಿನವೂ ತುಳಿಯುವ ನೆಲವು ಲೋಕದ ಅತಿ ದೊಡ್ಡ ಲಾವಾಪ್ರದೇಶಗಳಲ್ಲೊಂದರ ಅಂಚಾಗಿದೆ. ಇದನ್ನು ಪುಸ್ತಕದಿಂದ ಹೇಳುವುದಕ್ಕಿಂತ ಕಣ್ಣಿಗೆ ತೋರಿಸುವುದು ಮೇಲು. ಅದಕ್ಕೆ ಭಾಲ್ಕಿ ತಾಲ್ಲೂಕಿನ ಮೆಹಕರದಂಥ ಚಿಕ್ಕ ಊರಿಗೆ ಒಂದು ದಿನದ ಸಂದರ್ಶನವು ಸಾಕು.

ಪಾಠವು ಬೀದರಿನಲ್ಲಿಯೇ ಆರಂಭವಾಗುತ್ತದೆ. ಈ ನಗರವು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಕೋಟೆಯ ಕಂದಕವನ್ನು ಈ ಕಲ್ಲಿನಲ್ಲಿಯೇ ಕಡಿದಿರುವರು. ಪ್ರಸ್ಥಭೂಮಿಯನ್ನು ಇಳಿದು ಭಾಲ್ಕಿಯ ಕಡೆಗೆ ನಡೆದಂತೆ ಮಸಾರಿಯ ಕೆಂಪು ಹಿಂದೆ ಬಿದ್ದು ಎರೆಯ ಕಪ್ಪು ಮುಂದೆ ಬರುತ್ತದೆ. ಎಲ್ಲಿ ಬಣ್ಣವು ಬದಲಾಯಿತೆಂಬುದನ್ನು ಪ್ರತಿಯೊಬ್ಬಳೂ ತನ್ನ ಪುಸ್ತಕದಲ್ಲಿ ಗುರುತಿಸಿಕೊಳ್ಳಬೇಕು.

ಈ ಎರಡು ಬಣ್ಣಗಳ ಮೂಲವು ಒಂದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖಣದ ನೆಲವು ಉದ್ದುದ್ದನೆಯ ಬಿರುಕುಗಳಾಗಿ ಸೀಳಿತು. ಆ ಬಿರುಕುಗಳಿಂದ ಲಾವಾರಸವು ಹೊರಬಂದು ನೆರೆನೀರಿನಂತೆ ಹರಡಿ, ಆರಿ, ಕಪ್ಪು ಬಸಾಲ್ಟ್ ಶಿಲೆಯಾಯಿತು. ಒಂದು ಹರಿವಿನ ಮೇಲೆ ಮತ್ತೊಂದು ಹರಿದು ಪದರಗಳು ಬೆಳೆದವು. ಅವು ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರು ನೆಲವನ್ನು ಮುಚ್ಚಿಕೊಂಡಿವೆ. ಸಹ್ಯಾದ್ರಿಯ ಕಡೆಗೆ ಬಹಳ ದಪ್ಪವಾಗಿರುವ ಈ ಹೊದಿಕೆಯು ನಮ್ಮ ಕಡೆಗೆ ತೆಳುವಾಗುತ್ತ ಬರುತ್ತದೆ. ಬೆಟ್ಟದ ಪಾರ್ಶ್ವಗಳಲ್ಲಿ ಪದರಗಳು ಸೋಪಾನದಂತೆ ಕಾಣುವುದರಿಂದ, ಸ್ವೀಡನ್ನಿನ ಭಾಷೆಯಲ್ಲಿ ಮೆಟ್ಟಿಲೆಂಬ ಅರ್ಥವುಳ್ಳ ಪದದಿಂದ ಇದಕ್ಕೆ ಟ್ರ್ಯಾಪ್ ಎಂಬ ಹೆಸರು ಬಂದಿತು. ಈ ಕಪ್ಪು ಶಿಲೆಯು ಶಿಥಿಲವಾಗಿ ಎರೆಮಣ್ಣಾಯಿತು. ಎಲ್ಲಿ ದೀರ್ಘಕಾಲದ ಮಳೆಯು ಶಿಲೆಯ ಸಿಲಿಕವನ್ನು ತೊಳೆದುಕೊಂಡು ಹೋಗಿ ಕಬ್ಬಿಣ ಅಲ್ಯುಮಿನಿಯಮುಗಳ ಅಂಶವನ್ನು ಉಳಿಸಿತೋ ಅಲ್ಲಿ ಜಂಬಿಟ್ಟಿಗೆಯಾಯಿತು.

ಮೆಹಕರದ ಸುತ್ತಿನಲ್ಲಿ ನೋಡತಕ್ಕವು ಮೂರು: ಹೊಲ, ಕಲ್ಲು, ಬಾವಿ. ಮಳೆಯಲ್ಲಿ ಉಬ್ಬಿ ಕಾಲಿಗೆ ಮೆತ್ತುವ ಎರೆಯು ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ತೇವವನ್ನು ಬಹುಕಾಲ ಹಿಡಿದಿಡುವ ಗುಣದಿಂದಲೇ ಹಿಂಗಾರಿಯ ಜೋಳವು ಅದರಲ್ಲಿ ಬೆಳೆಯುತ್ತದೆ. ಕಪ್ಪು ಕಲ್ಲಿನಲ್ಲಿ ಕಾಣುವ ಸಣ್ಣ ರಂಧ್ರಗಳು ಲಾವಾರಸವು ಆರುವಾಗ ಅದರಲ್ಲಿ ಸಿಕ್ಕಿಕೊಂಡ ಅನಿಲದ ಗುಳ್ಳೆಗಳು. ಕೆಲವು ಗುಳ್ಳೆಗಳೊಳಗೆ ಬಿಳಿಯ ಹರಳುಗಳು ಆಮೇಲೆ ಬೆಳೆದಿರುತ್ತವೆ. ತೆರೆದ ಬಾವಿಯೇ ಎಲ್ಲಕ್ಕಿಂತ ಉತ್ತಮವಾದ ಪುಸ್ತಕ. ಹಿರಿಯರೊಡನೆ ಹೋಗಿ ಕಟ್ಟೆಯ ಹೊರಗೆ ನಿಂತು ನೋಡಿದರೆ ಮೇಲೆ ಮಣ್ಣು, ಅದರ ಕೆಳಗೆ ಪುಡಿಯಾದ ಕಲ್ಲು, ಆಮೇಲೆ ಬಿಗಿಯಾದ ಶಿಲೆ, ಹೀಗೆ ಪದರಗಳು ಕ್ರಮವಾಗಿ ತೋರುವವು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯಲ್ಲಿ ಇದೇ ಹೆಸರಿನ ಇನ್ನೊಂದು ಮೆಹಕರವುಂಟು. ಅದೂ ಬಸಾಲ್ಟಿನ ಮೇಲೆಯೇ ಇದೆ. ಅದಕ್ಕೆ ಸಮೀಪವಾದ ಲೋಣಾರದ ದುಂಡು ಸರೋವರವನ್ನು ಜ್ವಾಲಾಮುಖಿಯ ಬಾಯೆಂದು ಅನೇಕರು ಬಹುಕಾಲ ನಂಬಿದ್ದರು. ಅದು ಆಕಾಶದಿಂದ ಬಿದ್ದ ಉಲ್ಕೆಯಿಂದಾದ ಕುಳಿಯೆಂದು 1970ರ ದಶಕದ ಸಂಶೋಧನೆಯು ತೋರಿಸಿತು. ಹಾಗೆಯೇ, 1993ರ ಸೆಪ್ಟೆಂಬರ್ 30ರಂದು ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಸಾವಿರಾರು ಜನರನ್ನು ಬಲಿಗೊಂಡ ಭೂಕಂಪಕ್ಕೂ ಜ್ವಾಲಾಮುಖಿಗೂ ಸಂಬಂಧವಿಲ್ಲ. ದಖ್ಖಣದ ಆ ಅಗ್ನಿಯು ಆರಿ ಕೋಟ್ಯಂತರ ವರ್ಷಗಳಾದವು. ರೂಪದ ಸಾಮ್ಯವನ್ನು ಕಂಡು ಕಾರಣವನ್ನು ನಿರ್ಣಯಿಸಬಾರದೆಂಬುದೂ ಈ ಪಾಠದ ಭಾಗವೇ ಆಗಿದೆ.

ಇಷ್ಟನ್ನು ಹುಡುಗಿಯರು ಏತಕ್ಕೆ ಕಲಿಯಬೇಕೆಂದು ಕೇಳುವ ತಾಯಿತಂದೆಗಳುಂಟು. ನೀರಿಗಾಗಿ, ಎಂಬುದೇ ನಮ್ಮ ಉತ್ತರ. ಬೇಸಿಗೆಯಲ್ಲಿ ಬಾವಿಯು ಬತ್ತಿದರೆ ಕೊಡವನ್ನು ಹೊತ್ತು ದೂರ ನಡೆಯುವವರು ಹೆಂಗಸರೂ ಹುಡುಗಿಯರೂ ಆಗಿರುವರು. ಶಾಲೆಯ ಹಾಜರಿಯು ಕುಗ್ಗುವುದಕ್ಕೆ ಅದೂ ಒಂದು ಕಾರಣ. ನೆಲದ ರಚನೆಯನ್ನು ಬಲ್ಲವರು ನೀರಿನ ದಾರಿಯನ್ನು ಬಲ್ಲರು. ಬೀದರಿನಲ್ಲಿ ಜಂಬಿಟ್ಟಿಗೆಯು ಮಳೆಯ ನೀರನ್ನು ಹೀರಿ ಕೆಳಗಿಳಿಸುತ್ತದೆ. ಅಡಿಯಲ್ಲಿರುವ ಬಿಗಿಯಾದ ಪದರವು ಅದನ್ನು ತಡೆಯುತ್ತದೆ. ಹದಿನೈದನೆಯ ಶತಮಾನದ ಬಹಮನಿ ಕಾಲದಲ್ಲಿ ನೌಬಾದಿನ ಸುರಂಗಬಾವಿಯನ್ನು ತೋಡಿದವರು ಈ ಸಂಧಿಯ ನೀರನ್ನೇ ಹಿಡಿದು, ಯಾವ ಯಂತ್ರವೂ ಇಲ್ಲದೆ, ಇಳಿಜಾರಿನಿಂದಲೇ ಹರಿಸಿದರು.

ಕಪ್ಪು ನೆಲದ ಊರುಗಳಿಗೆ ಆ ಕೆಂಪು ಹೊದಿಕೆಯ ಸೌಕರ್ಯವಿಲ್ಲ. ಅಲ್ಲಿ ನೀರು ಶಿಥಿಲವಾದ ಮೇಲ್ಪದರದಲ್ಲಿಯೂ ಕಲ್ಲಿನ ಬಿರುಕುಗಳಲ್ಲಿಯೂ ಮಾತ್ರ ನಿಲ್ಲುತ್ತದೆ. ಬಿರುಕಿಲ್ಲದ ಗಟ್ಟಿ ಶಿಲೆಯಲ್ಲಿ ಕೊಳವೆಬಾವಿಯನ್ನು ಎಷ್ಟು ಆಳಕ್ಕೆ ಕೊರೆದರೂ ಹಣವು ಹೋದೀತೇ ಹೊರತು ನೀರು ಬಾರದು. ಹರಿದು ಹೋಗುವ ಮಳೆಯನ್ನು ಒಡ್ಡು ಕೆರೆಗಳಿಂದ ತಡೆದು ಮೇಲ್ಪದರಕ್ಕೆ ಇಂಗಿಸುವುದೇ ಅಲ್ಲಿ ಉಚಿತವಾದ ಮಾರ್ಗ.

ಆದುದರಿಂದ ರಜೆಯಲ್ಲಿ ಪ್ರತಿ ವಿದ್ಯಾರ್ಥಿನಿಯೂ ತನ್ನ ಊರಿನ ಒಂದು ಬಾವಿಯ ವಿವರವನ್ನು ಬರೆದು ತರತಕ್ಕದ್ದು. ಮಣ್ಣಿನ ಬಣ್ಣವೇನು? ಪದರಗಳೆಷ್ಟು? ನೀರು ಯಾವ ಪದರದಿಂದ ಒಸರುತ್ತದೆ? ಯಾವ ತಿಂಗಳಲ್ಲಿ ಬತ್ತುತ್ತದೆ? ಕಡೆಯ ಪ್ರಶ್ನೆಗೆ ಉತ್ತರವನ್ನು ಅಜ್ಜಿಯನ್ನು ಕೇಳಿ ಬರೆಯಬೇಕು. ಅಷ್ಟು ವರ್ಷಗಳಿಂದ ಆ ಬಾವಿಯ ನೀರನ್ನು ಸೇದಿದವಳು ಆಕೆಯೇ.