ಒಪ್ಪಿಗೆಯ ವಿಚ್ಛೇದನ: ಯಾವ ಊರಿನ ಕೋರ್ಟಿಗೆ ಹೋಗಬೇಕು?

ಮದುವೆ ಆದದ್ದು ಧಾರವಾಡದಲ್ಲಿ, ಸಂಸಾರ ಹೂಡಿದ್ದು ಪುಣೆಯಲ್ಲಿ. ಈಗ ಆಕೆ ಮೈಸೂರಿನ ತವರಿನಲ್ಲಿದ್ದಾಳೆ, ಆತ ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾನೆ. ಜಗಳವಿಲ್ಲದೆ ಬೇರೆಯಾಗಲು ಇಬ್ಬರೂ ಒಪ್ಪಿದ್ದಾರೆ. ಅರ್ಜಿ ಹಾಕುವುದು ಮೂರು ರಾಜ್ಯಗಳಲ್ಲಿ ಯಾವುದರಲ್ಲಿ?

‘ಅಲ್ಲಿ ಬೇಗ ಆಗುತ್ತಂತೆ, ಇಲ್ಲಿ ಕಾನೂನು ಸಡಿಲವಂತೆ’ ಎಂದು ಹೇಳುವವರು ಇಂಥ ಹೊತ್ತಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಹಿಂದೂ ವಿವಾಹ ಕಾಯ್ದೆ ಕೇಂದ್ರದ ಕಾನೂನು. ವಿಚ್ಛೇದನದ ಷರತ್ತುಗಳು ಪುಣೆಯಲ್ಲೂ ಮೈಸೂರಿನಲ್ಲೂ ಅವೇ. ಊರಿನಿಂದ ಊರಿಗೆ ಬದಲಾಗುವುದು ಓಡಾಟ, ಖರ್ಚು ಮತ್ತು ಭಾಷೆ. ಆಯ್ಕೆ ಮಾಡುವಾಗ ನೋಡಬೇಕಾದದ್ದೂ ಇವನ್ನೇ.

ಕಾನೂನು ಒಪ್ಪುವ ಊರುಗಳು

1955ರ ಹಿಂದೂ ವಿವಾಹ ಕಾಯ್ದೆಯ 19ನೇ ಸೆಕ್ಷನ್ ಯಾವ ಕೋರ್ಟಿಗೆ ಅಧಿಕಾರವಿದೆ ಎಂದು ಹೇಳುತ್ತದೆ.

1. ಮದುವೆ ನಡೆದ ಊರು. ಧಾರೆ ಎರೆದ ಜಾಗ ಲೆಕ್ಕಕ್ಕೆ ಬರುತ್ತದೆ, ಆರತಕ್ಷತೆ ಇಟ್ಟುಕೊಂಡ ಊರು ಬರುವುದಿಲ್ಲ. ಕಲ್ಯಾಣ ಮಂಟಪದ ವಿಳಾಸವಿರುವ ಲಗ್ನಪತ್ರಿಕೆಯನ್ನು ಎತ್ತಿಟ್ಟುಕೊಂಡಿದ್ದರೆ ಈಗ ಉಪಯೋಗಕ್ಕೆ ಬರುತ್ತದೆ.

2. ಗಂಡ ಹೆಂಡತಿ ಕೊನೆಯದಾಗಿ ಒಟ್ಟಿಗೆ ವಾಸವಿದ್ದ ಊರು. ಹಳೆಯ ಬಾಡಿಗೆ ಕರಾರು, ಗ್ಯಾಸ್ ಅಥವಾ ಕರೆಂಟ್ ಬಿಲ್ಲು ಇದಕ್ಕೆ ಪುರಾವೆ.

3. ಹೆಂಡತಿ ಅರ್ಜಿದಾರಳಾಗಿದ್ದರೆ, ಅರ್ಜಿ ಹಾಕುವ ದಿನ ಆಕೆ ವಾಸವಿರುವ ಊರು. 2003ರ ತಿದ್ದುಪಡಿ ಕೊಟ್ಟ ಅನುಕೂಲವಿದು. ಜಂಟಿ ಅರ್ಜಿಯಲ್ಲಿ ಆಕೆಯೂ ಅರ್ಜಿದಾರಳೇ ಆದ್ದರಿಂದ ಮೈಸೂರಿಗೆ ದಾರಿ ತೆರೆದಿದೆ.

ಪ್ರತಿವಾದಿ ವಾಸವಿರುವ ಊರೂ ಸೆಕ್ಷನ್ನಿನಲ್ಲಿದೆ. ಆದರೆ ಜಂಟಿ ಅರ್ಜಿಯಲ್ಲಿ ಪ್ರತಿವಾದಿ ಎಂಬವರೇ ಇರುವುದಿಲ್ಲ. ಹಾಗಾಗಿ ಗಂಡನ ಹೈದರಾಬಾದ್ ವಿಳಾಸವೊಂದನ್ನೇ ನೆಚ್ಚಿಕೊಂಡು ಹೋದರೆ ತಕರಾರು ಏಳಬಹುದು.

ನೆನಪಿಡಿ: ಇಬ್ಬರೂ ಕೂಡಿ ಒಪ್ಪಿದ ಮಾತ್ರಕ್ಕೆ ಅಧಿಕಾರವಿಲ್ಲದ ಕೋರ್ಟಿಗೆ ಅಧಿಕಾರ ಬರುವುದಿಲ್ಲ. ಪರಿಚಯದ ವಕೀಲರಿದ್ದಾರೆಂದು ಬೇರೆ ಊರಿನಲ್ಲಿ ಸುಳ್ಳು ಬಾಡಿಗೆ ಕರಾರು ಮಾಡಿಸುವುದು, ಪ್ರಮಾಣಪತ್ರದಲ್ಲಿ ಇಲ್ಲದ ವಿಳಾಸ ಬರೆಯುವುದು ಮುಂದೆ ಡಿಕ್ರಿಯ ಬುಡಕ್ಕೇ ಕೊಡಲಿಯಾದೀತು.

ಎಲ್ಲೆಡೆ ಒಂದೇ ನಿಯಮ

13ಬಿ ಸೆಕ್ಷನ್ ಪ್ರಕಾರ ದಂಪತಿ ಕನಿಷ್ಠ 1 ವರ್ಷ ಬೇರೆಯಾಗಿ ಬಾಳಿರಬೇಕು. ಅರ್ಜಿ ಕೊಟ್ಟ ಮೇಲೆ 6 ತಿಂಗಳು ಕಾದು, 18 ತಿಂಗಳೊಳಗೆ ಇಬ್ಬರೂ ಮತ್ತೆ ಕೋರ್ಟನ್ನು ಕೇಳಬೇಕು. ಡಿಕ್ರಿ ಆಗುವ ತನಕ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ.

ಆರು ತಿಂಗಳ ಕಾಯುವಿಕೆಯನ್ನು ಮನ್ನಾ ಮಾಡಲು ಅವಕಾಶವಿದೆ. ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ (2017) ಸುಪ್ರೀಂ ಕೋರ್ಟ್ ಇದಕ್ಕೆ ಷರತ್ತುಗಳನ್ನು ಹಾಕಿತು: ಅರ್ಜಿಗೆ ಮೊದಲೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು, ರಾಜಿಯ ಯತ್ನಗಳು ಮುಗಿದಿರಬೇಕು, ಜೀವನಾಂಶ ಮತ್ತು ಮಕ್ಕಳ ಪಾಲನೆಯ ವಿಷಯ ಇತ್ಯರ್ಥವಾಗಿರಬೇಕು. ಬೇಗ ಮುಗಿಯಬೇಕೆಂದರೆ ರಾಜ್ಯ ಬದಲಿಸುವುದಕ್ಕಿಂತ ಈ ಷರತ್ತುಗಳನ್ನು ಪೂರೈಸಿಕೊಂಡು ಹೋಗುವುದೇ ಜಾಣತನ.

ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೂ ನಿಯಮಗಳು ಬಹುತೇಕ ಹೀಗೆಯೇ. ಕ್ರೈಸ್ತರ ವಿಷಯದಲ್ಲಿ ಮಾತ್ರ ಹೈಕೋರ್ಟಿನ ತೀರ್ಪನ್ನೂ ನೋಡಬೇಕು: 1869ರ ಕಾಯ್ದೆಯಲ್ಲಿ 2 ವರ್ಷ ಬೇರೆ ಇರಬೇಕೆಂದು ಬರೆದಿದ್ದರೂ ಕೇರಳ ಹೈಕೋರ್ಟ್ 2010ರಲ್ಲಿ, ಕರ್ನಾಟಕ ಹೈಕೋರ್ಟ್ 2014ರಲ್ಲಿ ಅದನ್ನು 1 ವರ್ಷವೆಂದು ಓದಿಕೊಳ್ಳಬೇಕು ಎಂದಿವೆ.

ಆರಿಸುವಾಗ ಏನು ನೋಡಬೇಕು?

ಕಾಗದಪತ್ರ ಗಟ್ಟಿಯಾಗಿರುವ ಊರು ಯಾವುದು, ಇಬ್ಬರೂ ತಾರೀಖಿಗೆ ತಪ್ಪದೆ ಬರಬಲ್ಲ ಊರು ಯಾವುದು ಎಂದು ಕುಳಿತು ಮಾತಾಡಿಕೊಳ್ಳಿ. ಬರಲಾಗದ ಸಕಾರಣವಿದ್ದರೆ ವಿಡಿಯೊ ಕಾನ್ಫರೆನ್ಸ್ ಕೇಳಬಹುದು. ಕೊಡುವುದು ನ್ಯಾಯಾಧೀಶರ ವಿವೇಚನೆ. ಮೈಸೂರಿನಲ್ಲಿ ಕನ್ನಡ ಪತ್ರಗಳು ಇದ್ದಂತೆ ನಡೆಯುತ್ತವೆ, ಪುಣೆಯಲ್ಲಾದರೆ ಅನುವಾದ ಮಾಡಿಸಬೇಕಾದೀತು.

ಕೆಲವು ಕೆಲಸಗಳು ನೀವು ಆರಿಸಿದ ಊರಿನಲ್ಲಿ ಮುಗಿಯುವುದಿಲ್ಲ. ಪುಣೆಯ ಫ್ಲ್ಯಾಟನ್ನು ಹೆಂಡತಿಯ ಹೆಸರಿಗೆ ಬರೆದುಕೊಡುವುದಾದರೆ ನೋಂದಣಿ ಅಲ್ಲಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಆಗಬೇಕು. ಅಲ್ಲೊಂದು ವರದಕ್ಷಿಣೆ ಕಿರುಕುಳದ ಕೇಸು ಬಾಕಿಯಿದ್ದರೆ ಮೈಸೂರಿನ ಕೌಟುಂಬಿಕ ನ್ಯಾಯಾಲಯ ಅದನ್ನು ರದ್ದು ಮಾಡಲಾರದು. ಬಾಂಬೆ ಹೈಕೋರ್ಟಿಗೆ ಹೋಗಬೇಕು. ಇವನ್ನೆಲ್ಲ ಯಾರು, ಯಾವಾಗ, ಯಾರ ಖರ್ಚಿನಲ್ಲಿ ಮಾಡಬೇಕೆಂಬುದು ಒಪ್ಪಂದ ಪತ್ರದಲ್ಲೇ ಬರಲಿ.

ಅಮೆರಿಕದಲ್ಲಿರುವವರಿಗೆ

ರಾಜ್ಯದ ಆಯ್ಕೆ ನಿಜಕ್ಕೂ ತೂಕದ್ದಾಗುವುದು ಅಮೆರಿಕದಲ್ಲಿ. ಅಲ್ಲಿ ಒಂದೊಂದು ರಾಜ್ಯಕ್ಕೂ ಅದರದೇ ಕಾನೂನು. ಅರ್ಜಿಗೆ ಮುನ್ನ ನೆವಾಡದಲ್ಲಿ 6 ವಾರ ವಾಸವಿದ್ದರೆ ಸಾಕು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದೊಳಗೆ 6 ತಿಂಗಳು, ಆ ಕೌಂಟಿಯಲ್ಲಿ 3 ತಿಂಗಳು ಇದ್ದಿರಬೇಕು. ಬೇಗ ಮುಗಿಯುವ ರಾಜ್ಯ ಹುಡುಕುವ ಮುನ್ನ 1991ರ ವೈ. ನರಸಿಂಹ ರಾವ್ ಪ್ರಕರಣ ತಿಳಿದಿರಲಿ. ತಿರುಪತಿಯಲ್ಲಿ ಮದುವೆಯಾದ ಗಂಡ ಮಿಸ್ಸೂರಿಯಲ್ಲಿ 90 ದಿನ ವಾಸವಿದ್ದೆನೆಂದು ಹೇಳಿ, ಹೆಂಡತಿಯ ವಿರೋಧದ ನಡುವೆ ತಂದ ಡಿಕ್ರಿಯನ್ನು ಸುಪ್ರೀಂ ಕೋರ್ಟ್ ಮಾನ್ಯ ಮಾಡಲಿಲ್ಲ. ಇನ್ನೊಬ್ಬರು ಸ್ವಇಚ್ಛೆಯಿಂದ ಒಪ್ಪಿದ್ದರೆ ಮಾತು ಬೇರೆ ಎಂದೂ ಅದೇ ತೀರ್ಪು ಹೇಳಿತು. ಹಾಗಾಗಿ ಇಬ್ಬರ ಸಹಿಯೂ, ಒಪ್ಪಿಗೆಯ ಮಾತೂ ಕೋರ್ಟಿನ ದಾಖಲೆಯಲ್ಲಿ ಸ್ಪಷ್ಟವಾಗಿ ಇರಬೇಕು.

ಕೊನೆಗೆ ಎರಡು ಮಾತು

ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ಸಹಾಯವಾಣಿ 15100. ಡಿಕ್ರಿಯಾದ ಕೂಡಲೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ, ಇಬ್ಬರೂ ಒಂದೆರಡು ಹೆಚ್ಚೇ ಪ್ರತಿ ಪಡೆದಿಟ್ಟುಕೊಳ್ಳಿ. ಪಾಸ್‌ಪೋರ್ಟ್, ವೀಸಾ, ಮರುಮದುವೆ ಎಂದು ಮುಂದೆ ಅದನ್ನು ಕೇಳುವವರು ಬಹಳ. ಆಗೆಲ್ಲ ಇನ್ನೊಂದು ರಾಜ್ಯದ ಕೋರ್ಟಿಗೆ ಅಲೆಯುವುದು ತಪ್ಪುತ್ತದೆ.