ದರ ಅಲುಗಾಡಿದ ವರ್ಷದ ಖೇಣಿ ಪತ್ರ

ಚನ್ನಗಿರಿ ಸೀಮೆಯಲ್ಲಿ ಅಡಿಕೆ ತೋಟದ ಫಸಲನ್ನು ಖೇಣಿಗೆ ಕೊಡುವುದು ಹಳೆಯ ರೂಢಿ. ಗೊನೆ ಕೀಳುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲ ಖೇಣಿದಾರನ ತಲೆನೋವು. ತೋಟದವನಿಗೆ ತೂಕದ ಚೀಟಿ ಮತ್ತು ದುಡ್ಡು. ನಾನು ವಕೀಲ, ಮನೆಯಲ್ಲಿ ತೋಟವೂ ಇದೆ. ಹಾಗಾಗಿ ಈ ವ್ಯವಹಾರದ ಎರಡೂ ಮಗ್ಗುಲು ಗೊತ್ತು. ದರ ನೆಟ್ಟಗಿರುವ ವರ್ಷ ಖೇಣಿ ಪತ್ರವನ್ನು ಯಾರೂ ಬಿಚ್ಚಿ ನೋಡುವುದಿಲ್ಲ.

2014ರಲ್ಲಿ ಅಡಿಕೆ ದರ ಮುಗಿಲು ಮುಟ್ಟಿ, ಆಮೇಲೆ ಕುಸಿಯಿತು. ಏರಿದಾಗ ತಕರಾರು ತೋಟದವರದು. ಕ್ವಿಂಟಾಲ್ ಹಸಿ ಅಡಿಕೆಗೆ ಇಷ್ಟು ಎಂದು ಮೊದಲೇ ಮಾತಾಡಿ ಮುಂಗಡ ಪಡೆದವರು, ಕೊಯ್ಲಿನ ಹೊತ್ತಿಗೆ ತೋಟದ ಗೇಟಿಗೆ ಬೀಗ ಹಾಕಿದರು. ಇಳಿದಾಗ ಖೇಣಿದಾರರ ಫೋನು ಸ್ವಿಚ್ ಆಫ್. ನಮ್ಮ ಖೇಣಿದಾರ ಮಾತ್ರ ಫೋನು ಆಫ್ ಮಾಡಲಿಲ್ಲ. ಅಷ್ಟರ ಮಟ್ಟಿಗೆ ಮರ್ಯಾದಸ್ಥ. ಮೊದಲ ಕೊಯ್ಲು ಮುಗಿಸಿ ಜಗಲಿಗೆ ಬಂದು ಕೂತ. "ವಕೀಲ್ರೇ, ನೀವು ಕೇಸ್ ಹಾಕಿದ್ರೂ ನನ್ ಹತ್ರ ಇರೋದು ಹಂಡೆ, ಸುಲಿಯೋ ಮಷೀನು. ಎರಡನೇ ಕೊಯ್ಲಿಗೆ ರೇಟ್ ಇಳಿಸ್ಕೊಳ್ಳಿ, ಇಲ್ಲಾಂದ್ರೆ ಬೇರೆಯೋರನ್ನ ನೋಡ್ಕೊಳ್ಳಿ" ಎಂದ.

ಕೇಸ್ ಹಾಕಬಹುದಿತ್ತು. 1872ರ ಕರಾರು ಕಾಯ್ದೆಯ 73ನೇ ಕಲಮಿನಂತೆ, ಒಪ್ಪಂದದ ದರಕ್ಕೂ ಮಾತು ಮುರಿದ ದಿನದ ಪೇಟೆ ದರಕ್ಕೂ ಇರುವ ವ್ಯತ್ಯಾಸವನ್ನು ಮುರಿದವನು ತುಂಬಿಕೊಡಬೇಕು. ಆದರೆ ಪೇಟೆ ದರ ಯಾವುದು? ಎಪಿಎಂಸಿ ಪಟ್ಟಿಯಲ್ಲಿ ಸಿಗುವ ರಾಶಿ, ಬೆಟ್ಟೆ, ಗೊರಬಲು, ಸರಕು ಎಲ್ಲವೂ ಒಣ ಅಡಿಕೆ. ಪತ್ರದಲ್ಲಿರುವುದು ಹಸಿ ಅಡಿಕೆ. ಅದರ ದರವನ್ನು ಅಕ್ಕಪಕ್ಕದ ತೋಟದವರ ಸಾಕ್ಷಿಯಿಂದ ರುಜುವಾತು ಮಾಡಬೇಕು. ಅವರೂ ಹೆಚ್ಚಾಗಿ ಅದೇ ಖೇಣಿದಾರನಿಗೇ ಕೊಟ್ಟಿರುತ್ತಾರೆ! ಇನ್ನು ಛಾಪಾ ಕಾಗದದ ಗೋಳು ಬೇರೆ. ಕಡಿಮೆ ಬೆಲೆಯ ಕಾಗದದಲ್ಲಿ ಬರೆದಿದ್ದರೆ, 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯಂತೆ ಬಾಕಿ ಶುಲ್ಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟುವವರೆಗೆ ಆ ಪತ್ರ ಸಾಕ್ಷ್ಯವಾಗುವುದಿಲ್ಲ. "ತಪ್ಪಿದರೆ ಎರಡು ಲಕ್ಷ ದಂಡ" ಎಂದು ಬರೆಸಿ ನಿಶ್ಚಿಂತರಾಗುವವರಿದ್ದಾರೆ. 74ನೇ ಕಲಮಿನಡಿ ಅದು ಮೇಲಿನ ಮಿತಿ ಅಷ್ಟೆ. ನ್ಯಾಯಾಧೀಶರು ಸಮಂಜಸವೆನಿಸಿದಷ್ಟು ಮಾತ್ರ ಕೊಡಿಸುತ್ತಾರೆ.

ಕೇಸ್ ಮುಗಿಯುವವರೆಗೆ ಗೊನೆ ಕಾಯುವುದಿಲ್ಲ. ಹಣ್ಣಾದರೆ ಬೇಯಿಸುವ ಹದ ತಪ್ಪಿ ಗೋಟಾಗುತ್ತದೆ. ಖೇಣಿದಾರ ಬರಲಿಲ್ಲವೆಂದು ಮರದಲ್ಲೇ ಬಿಟ್ಟು ಪೂರಾ ನಷ್ಟ ಕೇಳುವಂತೆಯೂ ಇಲ್ಲ. ನಷ್ಟ ತಗ್ಗಿಸಲು ನೀನೇನು ಮಾಡಿದೆ ಎಂದು ಕೋರ್ಟು ಕೇಳಿಯೇ ಕೇಳುತ್ತದೆ. ನೋಟಿಸು ಕೊಟ್ಟು, ನಾಲ್ಕು ದಿನ ನೋಡಿ, ಬೇರೆಯವರಿಂದ ಕೀಳಿಸಿ ಮಾರಿ, ಚೀಟಿಗಳನ್ನು ಜೋಪಾನ ಮಾಡಿ ಎಂದು ಕಕ್ಷಿದಾರರಿಗೆ ಹೇಳುತ್ತೇನೆ. ಚೀಟಿ ಇಟ್ಟವರಿಗೆ ರಾಜಿಯಲ್ಲಾದರೂ ದುಡ್ಡು ಬಂದಿದೆ.

2020ರ ಕೇಂದ್ರದ ಬೆಲೆ ಖಾತರಿ ಕಾಯ್ದೆ ಇಂಥ ವ್ಯಾಜ್ಯವನ್ನು ಉಪವಿಭಾಗಾಧಿಕಾರಿಗೆ ಒಪ್ಪಿಸಿ 30 ದಿನದ ಗಡುವು ಹಾಕಿತ್ತು. ಸಿವಿಲ್ ಕೋರ್ಟಿನ ಬಾಗಿಲು ಮುಚ್ಚಿದ್ದು ನನಗೆ ಹಿಡಿಸಿರಲಿಲ್ಲ, ಗಡುವು ಹಿಡಿಸಿತ್ತು. 2021ರಲ್ಲಿ ಕಾಯ್ದೆ ರದ್ದಾಗಿ ಎರಡೂ ಹೋದವು.

ದರ ಕುಸಿದ ಆ ವರ್ಷ ನಾವು ಖೇಣಿದಾರ ಕೇಳಿದಂತೆ ದರ ಇಳಿಸಿದೆವು, ತೂಕವಾದ ದಿನವೇ ಹಣ ಎಂಬ ಷರತ್ತಿನ ಮೇಲೆ. ಸುತ್ತಮುತ್ತ ಮಾತು ಮುರಿಯದೆ ಉಳಿದ ಖೇಣಿಗಳಲ್ಲಿ ಹೆಚ್ಚಿನವು ರೇಟು ಕಟ್ಟಿದವಲ್ಲ, ಒಣ ಅಡಿಕೆಯ ಲೆಕ್ಕದವು. ಕ್ವಿಂಟಾಲ್ ಹಸಿಗೆ 12–13 ಕೆ.ಜಿ. ಒಣ ಅಡಿಕೆ ತಂದುಕೊಟ್ಟರೆ ಖೇಣಿದಾರನ ಋಣ ತೀರಿತು; ಅಡಿಕೆ ಇಟ್ಟುಕೊಳ್ಳುವುದೋ ಮಾರುವುದೋ ತೋಟದವನ ಇಷ್ಟ, ದರದ ಏರಿಳಿತವೂ ಅವನದೇ. ಓಡಿಹೋಗುವ ಕಾರಣ ಖೇಣಿದಾರನಿಗೆ ಉಳಿಯುವುದಿಲ್ಲ. ಜಗಳವೇನೂ ತಪ್ಪುವುದಿಲ್ಲ, ದರದಿಂದ ಗುಣಮಟ್ಟಕ್ಕೆ ಜಾರುತ್ತದೆ: ಅಡಿಕೆ ಸರಿಯಾಗಿ ಒಣಗಿಲ್ಲ, ಬೇರೆ ತೋಟದ್ದು ಬೆರೆಸಿದ್ದಾನೆ ಎಂದು. ಆದರೆ ಅದನ್ನು ಅಂಗಳದಲ್ಲೇ, ಚೀಲ ಬಿಚ್ಚಿ, ಹಲ್ಲಲ್ಲಿ ಕಚ್ಚಿ ತೀರ್ಮಾನಿಸಬಹುದು.

ಈಗ ನಮ್ಮ ಪತ್ರ ಹೀಗೇ ಇದೆ. ಒಂದು ಕೊಯ್ಲಿನ ಒಣ ಅಡಿಕೆ ಬಾರದೆ ಮುಂದಿನ ಕೊಯ್ಲಿಗೆ ದೋಟಿ ಎತ್ತುವಂತಿಲ್ಲ. ಅಡಿಕೆ ಬದಲು ಹಣ ಕೊಡುವುದಾದರೆ ಚನ್ನಗಿರಿಯ ಅಡಿಕೆ ಮಾರಾಟ ಸಹಕಾರ ಸಂಘ ತುಮ್ಕೋಸ್‌ನ ಆ ದಿನದ ದರ. ಮೊದಲ ಕೊಯ್ಲಿನದು ಎಳೆ ಕಾಯಿ, 13 ಕೆ.ಜಿ. ಬರುವುದಿಲ್ಲ ಎಂದು ಖೇಣಿದಾರ ಹಟ ಹಿಡಿದ. ಅದಕ್ಕೆ ಮಾತ್ರ ಒಂದು ಕೆ.ಜಿ. ಬಿಟ್ಟೆವು.