ಎಲ್‌ಎಲ್‌ಬಿ ಇಲ್ಲದೆಯೂ ಕಂಪನಿ ಕಾನೂನು

ತಿಕೋಟಾ, ಬಬಲೇಶ್ವರದ ಕಡೆಯಿಂದ ದಿನಾ ಬಸ್ ಹತ್ತಿ ವಿಜಯಪುರಕ್ಕೆ ಓದಲು ಬರುವ ತಮ್ಮ-ತಂಗಿಯರೇ, ಲಾ ಕಾಲೇಜು ಸೇರಲಾಗಲಿಲ್ಲ ಎಂದು ಕಂಪನಿ ಕಾನೂನಿನ ಆಸೆ ಬಿಡಬೇಡಿ. ಕಂಪನಿ ಸೆಕ್ರೆಟರಿ, ಅಂದರೆ ಸಿಎಸ್ ಆಗಲು ಎಲ್‌ಎಲ್‌ಬಿ ಬೇಕಿಲ್ಲ. ಪಿಯುಸಿ ಮುಗಿಸಿದವರು ಸಿಎಸ್‌ಇಇಟಿ ಪ್ರವೇಶ ಪರೀಕ್ಷೆ ಬರೆಯಬಹುದು. ಆಮೇಲೆ ಎಕ್ಸಿಕ್ಯುಟಿವ್, ಪ್ರೊಫೆಷನಲ್ ಎಂಬ ಎರಡು ಹಂತ, ಜೊತೆಗೆ ತರಬೇತಿ.

ಈ ಕೆಲಸ ಬೆಂಗಳೂರಿನ ಗಾಜಿನ ಕಟ್ಟಡಗಳಿಗಷ್ಟೇ ಸೇರಿದ್ದಲ್ಲ. ನಮ್ಮ ದ್ರಾಕ್ಷಿ ಬೆಳೆಗಾರರು ಕೂಡಿ ರೈತ ಉತ್ಪಾದಕ ಕಂಪನಿ ಕಟ್ಟಿದರೆ ಅದಕ್ಕೂ 2013ರ ಕಂಪನಿ ಕಾಯ್ದೆಯೇ ಅನ್ವಯ. ಸಭೆಯ ನೋಟಿಸು, ನಡಾವಳಿ ಪುಸ್ತಕ, ಸದಸ್ಯರ ರಿಜಿಸ್ಟರು, ವಾರ್ಷಿಕ ರಿಟರ್ನ್ ಎಲ್ಲ ಸರಿಯಿರಬೇಕು. ರಿಟರ್ನ್ ತಡವಾದರೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಒಣದ್ರಾಕ್ಷಿ ಮಾರಿ ಬಂದ ದುಡ್ಡು ಹೀಗೆ ಸೋರುವುದು ಸಂಕಟದ ಮಾತು. ಉತ್ಪಾದಕ ಕಂಪನಿಯ ಸರಾಸರಿ ವಹಿವಾಟು ಸತತ ಮೂರು ವರ್ಷ 5 ಕೋಟಿ ರೂಪಾಯಿ ಮೀರಿದರೆ ಪೂರ್ಣಾವಧಿ ಕಾರ್ಯದರ್ಶಿ ಇರಲೇಬೇಕು ಎನ್ನುತ್ತದೆ ಕಾಯ್ದೆ.

ಒಂದು ಮಿತಿ ತಿಳಿದಿರಲಿ. ಸಿಎಸ್ ಆದವರು ಜಿಲ್ಲಾ ನ್ಯಾಯಾಲಯದಲ್ಲಿ ವಕೀಲರಂತೆ ವಾದಿಸುವಂತಿಲ್ಲ. ಆದರೆ ವೃತ್ತಿ ಪ್ರಮಾಣಪತ್ರ ಪಡೆದವರು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಮುಂದೆ ಕಕ್ಷಿದಾರರ ಪರ ನಿಲ್ಲಬಹುದು. ನನ್ನ ಮಟ್ಟಿಗೆ ಅದು ಸಣ್ಣ ಮಾತಲ್ಲ.

ಓದು ಕಷ್ಟ, ಅದರಲ್ಲೂ ಕಾಯ್ದೆಯ ಇಂಗ್ಲಿಷ್. ಕನ್ನಡ ಮಾಧ್ಯಮದವರು ಹೆದರದೆ ದಿನಕ್ಕೊಂದು ಕಲಂ ಓದಿ, ಅರ್ಥವಾದದ್ದನ್ನು ಕನ್ನಡದಲ್ಲೇ ಬರೆದಿಡಿ. ಬಿ.ಕಾಂ. ಬಿಡದೆ ಜೊತೆಜೊತೆಗೇ ಇದನ್ನೂ ಮಾಡಿ. ರಜೆಯಲ್ಲಿ ನಗರದ ಯಾವುದಾದರೂ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕುಳಿತು ನಿಜವಾದ ರಿಟರ್ನ್ ಒಂದನ್ನು ತುಂಬುವುದನ್ನು ನೋಡಿ.